ಪಾದ್ರಿಯ ಹಿಂದೆ ಅತ್ತೆಯ ಪಾದಯಾತ್ರೆ

ಇಂಗ್ಲಿಷ್ ನನಗೆ ಚೆನ್ನಾಗಿ ಬರುತ್ತದೆ. ಇದನ್ನು ಜಂಬಕ್ಕಾಗಿ ಹೇಳುತ್ತಿಲ್ಲ, ದಾಖಲೆಗಾಗಿ ಹೇಳುತ್ತಿದ್ದೇನೆ. ಹಾಸನದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪ್ರಬಂಧ ಸ್ಪರ್ಧೆಯಲ್ಲಿ ಸ್ಟೀಲಿನ ಲೋಟ ಗೆದ್ದವನು ನಾನು. ಹತ್ತೊಂಬತ್ತು ವರ್ಷಗಳಿಂದ ಫ್ರೀಮಾಂಟಿನಲ್ಲಿದ್ದೇನೆ. ದಿನವೂ ಸೇತುವೆ ದಾಟಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಔಷಧ ಕಂಪನಿಗೆ ಹೋಗಿ, ಅಲ್ಲಿನ ವಿಜ್ಞಾನಿಗಳು ಬರೆದ ಕಾಗದಗಳಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಒಂದು ಶಬ್ದ ಆಚೀಚೆಯಾದರೂ ನಾನು ಸಹಿ ಹಾಕುವುದಿಲ್ಲ. ನಾನು ಬರುವುದು ಕಂಡರೆ ಜನ ಬೇರೆ ಕಾರಿಡಾರಿನಲ್ಲಿ ಹೋಗುತ್ತಾರೆ. ಅದನ್ನು ನಾನು ಗೌರವವೆಂದೇ ತಿಳಿದುಕೊಂಡಿದ್ದೇನೆ.

ಇಂಥ ನಾನು, ಎಂದೋ ತೀರಿಕೊಂಡ ಒಬ್ಬ ಇಂಗ್ಲಿಷ್ ಪಾದ್ರಿಯ ಕೈಯಲ್ಲಿ ಹೇಗೆ ಮೋಸಹೋದೆ ಎನ್ನುವುದನ್ನು ನಾಲ್ಕು ಜನರ ಮುಂದೆ ಇಡಬೇಕಾಗಿದೆ. ತಪ್ಪು ಯಾರದೆಂದು ನೀವೇ ಹೇಳಿ.

ಫ್ರೀಮಾಂಟಿನ ಲೈಬ್ರರಿಯಲ್ಲಿ ವರ್ಷಕ್ಕೆರಡು ಸಲ ಹಳೆಯ ಪುಸ್ತಕಗಳನ್ನು ಮಾರುತ್ತಾರೆ. ಅಲ್ಲಿ ಹಸಿರು ಬಟ್ಟೆಯ ರಟ್ಟಿನ ಒಂದು ದಪ್ಪ ಪುಸ್ತಕ ಸಿಕ್ಕಿತು. ಇಂಗ್ಲೆಂಡಿನ ದಕ್ಷಿಣ ತೀರದ ಹಳ್ಳಿಯ ಪಾದ್ರಿಯೊಬ್ಬ ನೂರು ವರ್ಷದ ಹಿಂದೆ ಅಲ್ಲಿನ ಪುರಾತನ ದಾರಿಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ಬರೆದ ಪ್ರವಾಸಕಥನ. ಒಳಗೆ ಬಿಳಿ ಬಂಡೆಗಳ ಚಿತ್ರ, ಬೇಲಿಗಳ ನಡುವೆ ನುಸುಳಿ ಹೋಗುವ ಗಾಡಿದಾರಿಯ ಚಿತ್ರ, ಕಡಲಿಗೆ ಮುಖಮಾಡಿ ನಿಂತ ಒಂದು ಕತ್ತೆಯ ಚಿತ್ರ. ಕೊಂಡೆ.

ಅದೇ ವಾರ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯ ಸಂಪಾದಕರು ಇಂಡಿಯನ್ ಗ್ರೋಸರಿ ಅಂಗಡಿಯಲ್ಲಿ ಸಿಕ್ಕಿ, ಬದನೆಕಾಯಿ ಆರಿಸುತ್ತಲೇ ಗೋಳು ತೋಡಿಕೊಂಡರು.

"ಈ ಸಲಾನೂ ಎರಡು ಪೇಜು ಖಾಲಿ ಇದೆ ಸಾರ್. ಎಷ್ಟೂಂತ ಚಿತ್ರಾನ್ನದ ರೆಸಿಪಿ ಹಾಕ್ಲಿ?"

"ನಾನು ಒಂದು ಧಾರಾವಾಹಿ ಕೊಡ್ತೀನಿ," ಎಂದೆ. "ಪ್ರವಾಸ ಸಾಹಿತ್ಯ. ಅದೂ ಐತಿಹಾಸಿಕ!"

"ಎರಡು ಪೇಜು ತುಂಬುತ್ತಾ?"

"ತುಂಬಿ ತುಳುಕುತ್ತೆ."

ಹೀಗೆ ನಾನು ಅನುವಾದಕನಾದೆ.

ರಾತ್ರಿ ಊಟವಾದ ಮೇಲೆ ಪುಸ್ತಕ ಹರಡಿಕೊಂಡು ಕೂತಾಗ ನನ್ನ ಹೆಂಡತಿ ಶೈಲಾ ಒಂದು ಸಲಹೆ ಕೊಟ್ಟಳು. "ರೀ, ಹಳೇ ಇಂಗ್ಲಿಷು. ಗೊತ್ತಾಗದೇ ಇದ್ದಿದ್ದನ್ನ ಡಿಕ್ಷನರಿಲಿ ನೋಡ್ಕೊಂಡು ಬರೀರಿ."

ನನಗೆ ಡಿಕ್ಷನರಿ! ಸ್ಟೀಲಿನ ಲೋಟ ಗೆದ್ದವನಿಗೆ! ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದೆ. ಕೆಲವು ಮಾತುಗಳಿಗೆ ಮೌನವೇ ತಕ್ಕ ಶಿಕ್ಷೆ.

ಅನುವಾದ ನೀರು ಕುಡಿದಷ್ಟು ಸುಲಭವಾಗಿತ್ತು. ಪಾದ್ರಿ ಪುಟಪುಟಕ್ಕೂ 'ಡೌನ್ಸ್' ಮೇಲೆ ನಡೆಯುತ್ತಿದ್ದ. ಡೌನ್ ಎಂದರೆ ಕೆಳಗೆ ಎಂದು ಯಾವ ಲಿಫ್ಟಿನ ಗುಂಡಿ ಬೇಕಾದರೂ ಹೇಳುತ್ತದೆ. 'ಇಳಿಜಾರು' ಎಂದು ಬರೆದೆ. ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ನನ್ನ ಮಗಳು ಅನಘಾ ಇಣುಕಿ ನೋಡಿದಳು. ಅವಳು ಇಲ್ಲೇ ಹುಟ್ಟಿದವಳು. ಕನ್ನಡ ಕೇಳಿಸಿಕೊಳ್ಳುತ್ತಾಳೆ, ಇಂಗ್ಲಿಷಿನಲ್ಲಿ ವಾಪಸು ಕೊಡುತ್ತಾಳೆ.

"ಅಪ್ಪಾ, ಐ ಥಿಂಕ್ ಡೌನ್ಸ್ ಆರ್ ಹಿಲ್ಸ್."

"ಡೌನ್ ಹೇಗಮ್ಮ ಬೆಟ್ಟ ಆಗುತ್ತೆ? ನಿನ್ನ ಗಣಿತ ನೀನು ಮಾಡು."

ಹೊಲಗಳನ್ನು ಪಾದ್ರಿ 'ಸ್ಟೈಲ್' ಮೂಲಕ ದಾಟುತ್ತಿದ್ದ. ಕಾಗುಣಿತದಲ್ಲಿ ಒಂದಕ್ಷರ ಬೇರೆಯಿತ್ತು. ಹಳೆಯ ಕಾಲದ ಅಚ್ಚಿನ ಮೊಳೆಗಳಲ್ಲವೇ ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿ, 'ಪಾದ್ರಿಗಳು ಊಟಕ್ಕೆ ಮುಂಚೆ ಏಳು ಹೊಲಗಳನ್ನು ಬಹು ಸೊಗಸಾಗಿ ದಾಟಿದರು' ಎಂದು ಬರೆದೆ. ಸಂಜೆಯಾದರೆ ಆತ ತಪ್ಪದೆ ಯಾವುದಾದರೊಂದು 'ಪಬ್ಲಿಕ್ ಹೌಸ್' ಸೇರುತ್ತಿದ್ದ. 'ಸಾರ್ವಜನಿಕ ಛತ್ರ' ಎಂದು ಬರೆದೆ. ಅಲ್ಲಿ ಎರಡು ದೊಡ್ಡ ಲೋಟ 'ಬಿಟರ್' ಕುಡಿಯುತ್ತಿದ್ದ. ಬಿಟರ್ ಎಂದರೆ ಕಹಿ. ಕಹಿಯಾದದ್ದನ್ನು ಲೋಟಗಟ್ಟಲೆ ಕುಡಿಯುತ್ತಾರೆಂದರೆ ಅದು ಕಷಾಯವಲ್ಲದೆ ಇನ್ನೇನು? ದೇವರ ಕೆಲಸ ಮಾಡುವ ಮನುಷ್ಯ ದಣಿದು ಬಂದು ಬೇರೆ ಏನು ಕುಡಿದಾನು? ನಾನಂತೂ ಶುದ್ಧ ಕಾಫಿಯವನು. ಲೋಕವೂ ನನ್ನಂತೆಯೇ ಇರಬೇಕೆಂದು ನಂಬಿದವನು.

ಕೊನೆಯ ಕಡೆ ಬಂಡೆಗಳ ಮೇಲಿನ ಮಣ್ಣಿನ ಬಗ್ಗೆ ನಲವತ್ತು ಪುಟದ ಒಂದು ಅಧ್ಯಾಯವಿತ್ತು. ಸುಣ್ಣದ ಮಣ್ಣು, ಜೇಡಿಮಣ್ಣು, ಮತ್ತೆ ಸುಣ್ಣದ ಮಣ್ಣು. ಮೊದಲ ಪುಟಕ್ಕೇ ಆಕಳಿಕೆ ಬಂತು. ಓದುಗರ ಹಿತದೃಷ್ಟಿಯಿಂದ ಅಷ್ಟನ್ನೂ ಬಿಟ್ಟೆ.

ಧಾರಾವಾಹಿ ಗೆದ್ದಿತು! ಎಲ್ಲಕ್ಕಿಂತ ಹೆಚ್ಚಾಗಿ ಗೆದ್ದದ್ದು ನಮ್ಮ ಮನೆಯಲ್ಲೇ. ನಮ್ಮ ಅತ್ತೆ ಸುಶೀಲಾಬಾಯಿ ನಮ್ಮ ಜೊತೆಯಲ್ಲೇ ಇದ್ದಾರೆ. ಹುಬ್ಬಳ್ಳಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು. ಅವರು ದಿನಾ ಬೆಳಿಗ್ಗೆ ಕೆರೆಯ ಪಾರ್ಕಿಗೆ ವಾಕಿಂಗ್ ಹೋಗುತ್ತಾರೆ. ಜೊತೆಗೆ ಪಕ್ಕದ ಬೀದಿಯ ಮಂಡ್ಯದ ಜಯಮ್ಮ ಮತ್ತು ಅವರ ಯಜಮಾನರು ಚಿಕ್ಕೇಗೌಡರು. ಕೆರೆಗೆ ಎರಡು ಸುತ್ತು ಹಾಕಿ ಬೆಂಚಿನ ಮೇಲೆ ಕೂತು, ಅತ್ತೆ ನನ್ನ ಅನುವಾದವನ್ನು ಗಟ್ಟಿಯಾಗಿ ಓದುತ್ತಿದ್ದರು. ಮಿಕ್ಕಿಬ್ಬರು ಭಕ್ತಿಯಿಂದ ಕೇಳುತ್ತಿದ್ದರು.

"ಎಂಥಾ ಸಾತ್ವಿಕ ಮನಷ್ಯಾ ಅಂತೇನಿ," ಎಂದರು ಅತ್ತೆ ಒಂದು ದಿನ ನನಗೆ ಉಪ್ಪಿಟ್ಟು ಬಡಿಸುತ್ತ. "ಛತ್ರದಾಗ ಇರ್ತಾನ, ಕಷಾಯ ಕುಡೀತಾನ, ಮುಂಜಾನೆ ಎದ್ದು ಮತ್ತ ನಡೀತಾನ. ಹಿಂಗ ಬಾಳಬೇಕು ನೋಡ್ರಿ."

ನಾನು ಸಂಕೋಚದಿಂದ ತಲೆ ತಗ್ಗಿಸಿದೆ, ಆ ಪಾದ್ರಿ ನಾನೇ ಎನ್ನುವ ಹಾಗೆ.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಜಯಮ್ಮನವರ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಗಂಡ ಹೆಂಡತಿ ಹೊರಟಿದ್ದರು. ನಮ್ಮ ಅತ್ತೆಯನ್ನೂ ಕರೆದರು. ಅತ್ತೆಗೆ ಕೆರೆ ಬೇಸರ ಬಂದಿತ್ತು. "ಅದಽ ಕೆರಿ, ಅದಽ ಬಾತುಕೋಳಿ. ಅವಕ್ಕೂ ನನ್ನ ಮಾರಿ ನೋಡಿ ಬ್ಯಾಸರ ಆಗೇದ," ಎಂದವರೇ ಪತ್ರಿಕೆಗಳ ಕಟ್ಟು ಹಿಡಿದು ನನ್ನ ಮುಂದೆ ಕೂತರು.

"ಅಳಿಯಂದ್ರ, ನಾವು ಮೂವರೂ ಪಾದ್ರಿಗಳು ನಡದ ದಾರ್‍ಯಾಗ ಮೂರು ದಿನ ನಡೀಬೇಕಂತ ಮಾಡೇವಿ. ದಿನಕ್ಕ ನಾಕು ಮೈಲಿ. ಜಯಮ್ಮಗ ಮಣಕಾಲು ನೋವು. ದಾರಿ ಪೂರಾ ಇಳಿಜಾರು ಹೌದಲ್ರಿ?"

"ಪೂರಾ ಇಳಿಜಾರು ಅತ್ತೆ."

"ಹತ್ತೋದು ಎಲ್ಲೂ ಇಲ್ಲ?"

"ಇಲ್ಲ."

ಅತ್ತೆ ಸ್ವಲ್ಪ ಯೋಚಿಸಿದರು. "ಬರೇ ಇಳಿಯೋದಂದ್ರ, ಮೊದಲ ಎಲ್ಲೋ ಹತ್ತಿರಬೇಕಲ್ರಿ?"

ಗಣಿತದ ಮೇಷ್ಟರುಗಳ ಕಷ್ಟವೇ ಇದು. "ಅದು ಪಾದ್ರಿ ಹಿಂದಿನ ಅಧ್ಯಾಯದಲ್ಲೇ ಹತ್ತಿ ಮುಗಿಸಿದಾನೆ," ಎಂದೆ. ಅವರು ತೃಪ್ತರಾದರು. ನಾನೂ ತೃಪ್ತನಾದೆ!

ಮೂರು ದಿನದ ದಾರಿಯ ಒಂದು ನಕ್ಷೆ ತಯಾರಿಸಿಕೊಟ್ಟೆ. ಎರಡು ದಿನ ಸಂಜೆ ಜಯಮ್ಮನವರ ಅಳಿಯ ಕಾರು ತಂದು ಅವರನ್ನು ಮನೆಗೆ ಕರೆದುಕೊಂಡು ಹೋಗುವುದು, ಮೂರನೆಯ ದಿನ ಕಡಲ ಬಂಡೆಯ ಅಂಚಿನ ಹಳೇ ದಾರಿಯಲ್ಲಿ ನಡೆದು ಪಾದ್ರಿ ತಂಗಿದ ಅದೇ ಛತ್ರ ಸೇರುವುದು. ಬೂಟು ಬೇಡ, ಚಪ್ಪಲಿ ಸಾಕು ಎಂದು ಕೆಳಗೆ ಸೂಚನೆ. ಅದರ ಕೆಳಗೆ, ಆಫೀಸಿನ ಅಭ್ಯಾಸ ನೋಡಿ, 'ಪರಿಶೀಲಿಸಲಾಗಿದೆ' ಎಂದು ಬರೆದು ಸಹಿಯನ್ನೂ ಹಾಕಿದೆ. ಅತ್ತೆ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪರ್ಸಿನಲ್ಲಿಟ್ಟುಕೊಂಡರು. ಜಯಮ್ಮನವರ ಮಗಳು ಫೋನಿನಲ್ಲಿ "ಆಂಟಿ, ಅಲ್ಲಿ ನಡೆಯೋಕಾಗುತ್ತಾ ನಿಮಗೆ?" ಎಂದು ಕೇಳಿದಾಗ ಅತ್ತೆ ಕೊಟ್ಟ ಉತ್ತರ ನನ್ನ ಕಿವಿಗೂ ಬಿತ್ತು.

"ನಮ್ಮ ಅಳಿಯಂದ್ರು ಬರದು ಕೊಟ್ಟಾರವ್ವಾ. ಅವರದು ತಪ್ಪು ಹಿಡಿಯೋದಽ ನೌಕರಿ."

ಇಂಗ್ಲೆಂಡಿನ ಸಂಜೆ ಆರು ಗಂಟೆಯೆಂದರೆ ನಮಗೆ ಬೆಳಿಗ್ಗೆ ಹತ್ತು. ಹತ್ತಕ್ಕೆ ನನಗೆ ದಿನವೂ ಮೀಟಿಂಗು. ಮೊದಲ ದಿನ ಮೀಟಿಂಗಿನ ನಡುವೆ ಅತ್ತೆಯ ವಿಡಿಯೋ ಕಾಲ್ ಬಂತು. ಅತ್ತೆಯ ಕಾಲ್ ಕತ್ತರಿಸುವಷ್ಟು ಧೈರ್ಯ ನನಗಿಲ್ಲ. ಎತ್ತಿದೆ. ಪರದೆಯ ತುಂಬ ಹಸಿರು ಗೋಡೆ.

"ಅಳಿಯಂದ್ರ, ಇದೇನ್ರಿ?"

"ಏನು ಅತ್ತೆ?"

"ಗುಡ್ಡ."

"ಎಲ್ಲಿ?"

"ಎಲ್ಲಾ ಕಡೆ!"

ಹಿಂದೆ ಹುಲ್ಲಿನ ಮೇಲೆ ಜಯಮ್ಮ ಕಾಲು ಚಾಚಿ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು. "ಯಾವ್ ಕೇಡಿಗೆ ಬಂದ್ವೋ ಕಾಣೆ ಕಣವ್ವ," ಎನ್ನುವ ದನಿ ನಮ್ಮ ಮೀಟಿಂಗ್ ರೂಮಿನ ತುಂಬ ಮೊಳಗಿತು.

"ನೀವು ಉಲ್ಟಾ ಕಡೆಯಿಂದ ನಡೀತಿದೀರಿ ಅನಿಸುತ್ತೆ ಅತ್ತೆ," ಎಂದೆ.

"ಉಲ್ಟಾನೂ ನಡದು ನೋಡೇವ್ರಿ. ಆ ಕಡೆಯಿಂದನೂ ಗುಡ್ಡಾನ ಅದ."

ನನ್ನ ಎದುರು ಕೂತಿದ್ದ ಗ್ರಹಾಂ ಕತ್ತು ಚಾಚಿ ಪರದೆ ನೋಡಿದ. ಅವನು ಇಂಗ್ಲೆಂಡಿನವನು. ಸಂಭಾವಿತ, ಮೃದುಭಾಷಿ. ಅವನ ಕಣ್ಣು ಒದ್ದೆಯಾಯಿತು. "ಅಯ್ಯೋ, ಡೌನ್ಸ್! ನಾನು ಹುಟ್ಟಿದ ಊರಿನ ಹತ್ತಿರ!"

"ಇದು ಡೌನ್ಸಾ? ಇದು ಬೆಟ್ಟ!"

"ಹೌದು. ಡೌನ್ಸ್ ಅಂದರೆ ಬೆಟ್ಟ."

ನನಗೆ ಮೈಯೆಲ್ಲ ಉರಿಯಿತು. ಅಲ್ಲ, ಜಗತ್ತಿಗೆಲ್ಲ ಭಾಷೆ ಕಲಿಸಲು ಹಡಗು ಹತ್ತಿ ಹೊರಟ ಜನ, ತಮ್ಮ ಮನೆಯ ಹಿತ್ತಲಿನ ಬೆಟ್ಟಕ್ಕೆ ಕೆಳಗೆ ಎಂದು ಹೆಸರಿಟ್ಟುಕೊಂಡು ಕೂತಿದ್ದಾರೆ! "ಹಾಗಾದರೆ ಕಣಿವೆಗೆ ಏನಂತೀರಿ? ಅಪ್ಸ್ ಅಂತೀರಾ?" ಎಂದು ಗುಡುಗಿದೆ. ಗ್ರಹಾಂ ತನ್ನ ದೇಶದ ಪರವಾಗಿ ಕ್ಷಮೆ ಕೇಳಿದ. ಅವರಿಗೆ ಅದೊಂದು ಚೆನ್ನಾಗಿ ಬರುತ್ತದೆ.

ಸಂಜೆ ಮನೆಯಲ್ಲಿ ಅನಘಾ ಎಲ್ಲ ಕೇಳಿಸಿಕೊಂಡಳು. ನನ್ನನ್ನು ನೋಡಿ ಹುಬ್ಬು ಮಾತ್ರ ಮೇಲೆತ್ತಿದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಎರಡನೆಯ ದಿನ ಹತ್ತು ಗಂಟೆಗೆ ಸರಿಯಾಗಿ ಫೋನು. ಈ ಸಲ ಪರದೆಯಲ್ಲಿ ಚಿಕ್ಕೇಗೌಡರು. ಒಂದು ಹೊಲದ ಬೇಲಿಯ ಮೇಲೆ, ಒಂದು ಕಾಲು ಈ ಕಡೆ ಒಂದು ಕಾಲು ಆ ಕಡೆ ಹಾಕಿ, ಕುದುರೆಯೇರಿದ ಪಾಳೇಗಾರನಂತೆ ಕೂತಿದ್ದರು. ಗೌಡರು ಎಲ್ಲಿಗೆ ಹೋದರೂ ಪಂಚೆಯೇ. ಅದರ ಅಂಚು ಮರದ ಸಂದಿನಲ್ಲಿ ಸಿಕ್ಕಿಕೊಂಡಿತ್ತು. ಆಚೆ ಬದಿಯಲ್ಲಿ ಒಂದು ದೊಡ್ಡ ಹಸು ನಿಂತು ಮುಂದೇನಾಗುತ್ತದೋ ಎಂದು ನೋಡುತ್ತಿತ್ತು.

"ಏನಪ್ಪಾ, ಸೊಗಸಾಗಿ ದಾಟಿದ ಅಂತ ಬರ್ದಿದ್ಯಲ್ಲ," ಎಂದರು ಗೌಡರು. "ಯೆಂಗೆ ದಾಟೋದು ಅಂತಾನೂ ಒಸಿ ಯೋಳ್ಬುಡು."

ಅತ್ತೆಯ ದನಿ ಹಿಂದಿನಿಂದ ಬಂತು. "ಪ್ರತಿ ಬೇಲಿಗೂ ಮರದ ಮೆಟ್ಟಲಾ ಮಾಡ್ಯಾರ್ರಿ. ಹತ್ತಬೇಕು, ದಾಟಬೇಕು, ಇಳೀಬೇಕು. ಸೀರಿ ಉಟಗೊಂಡು ಏಳು ಸಲ! ಇದಕ್ಕ ಸ್ಟೈಲ್ ಅಂತಾರಂತ. ದಾರ್‍ಯಾಗ ಒಬ್ಬ ಅಜ್ಜ ಹೇಳಿದ."

ನಾನು ಗ್ರಹಾಂ ಕಡೆ ನೋಡಿದೆ. ಗ್ರಹಾಂ ಮೇಜಿನ ಕಡೆ ನೋಡಿದ. "ಅಂದರೆ... ಬೇಲಿಯ ಮೆಟ್ಟಿಲು," ಎಂದು ಮೆಲ್ಲಗೆ ಹೇಳಿದ. "ಕಾಗುಣಿತ ಬೇರೆ ಇರುತ್ತೆ."

ಕಾಗುಣಿತ ಬೇರೆ ಇರುತ್ತದಂತೆ! ಬೇಲಿ ದಾಟುವ ಏಣಿಗೆ, ತಲೆ ಬಾಚಿಕೊಳ್ಳುವ ಶೋಕಿಗೆ, ಎರಡಕ್ಕೂ ಒಂದೇ ಸದ್ದು! ಇವರಿಗೆ ಶಬ್ದಗಳ ಬರ ಬಂದಿತ್ತೇ? ಕೇಳಿದ್ದರೆ ನಾವು ಕೊಡುತ್ತಿರಲಿಲ್ಲವೇ? ನಮ್ಮ ಮ್ಯಾನೇಜರಮ್ಮ ಗಂಟಲು ಸರಿಮಾಡಿಕೊಂಡು, ಈ ಚರ್ಚೆಗೂ ನಾವು ಕಳುಹಿಸಬೇಕಾದ ಔಷಧಕ್ಕೂ ಸಂಬಂಧವಿದೆಯೇ ಎಂದು ವಿಚಾರಿಸಿದಳು. ಇಲ್ಲ ಎಂದು ಒಪ್ಪಿಕೊಂಡೆ.

ಮೂರನೆಯ ದಿನ ನಾನು ಫೋನನ್ನು ಮೇಜಿನ ಮೇಲೆ ಎದುರಿಗೇ ಇಟ್ಟುಕೊಂಡು ಕೂತೆ. ಹತ್ತಾಯಿತು. ಹತ್ತೂಕಾಲಾಯಿತು. ಫೋನು ಬರಲಿಲ್ಲ. ನಾನೇ ಮಾಡಿದೆ. ಎತ್ತಲಿಲ್ಲ. ಎರಡು ದಿನದಿಂದ ಪಾದ್ರಿಯ ಪುಸ್ತಕವನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ, ಜಗಳಕ್ಕೆ ಸಾಕ್ಷಿ ಬೇಕಲ್ಲ ಎಂದು. ಈಗ ಅದನ್ನು ತೆಗೆದೆ. ಮೂರನೆಯ ದಿನದ ದಾರಿ ಬಂಡೆಯ ಅಂಚಿನದು. ಅದರ ಹೆಸರಿಗಾಗಿ ಹಾಳೆ ತಿರುವುತ್ತ ಹೋದೆ. ಅದು ಸಿಕ್ಕಿದ್ದು ನಾನು ಬಿಟ್ಟ ಆ ಮಣ್ಣಿನ ಅಧ್ಯಾಯದಲ್ಲಿ.

ನಿಂತುಕೊಂಡೇ ಓದಿದೆ. ಆ ಬಂಡೆಗಳ ಮಣ್ಣು ಗಟ್ಟಿಯಲ್ಲವಂತೆ. ಪ್ರತಿ ಚಳಿಗಾಲದಲ್ಲೂ ಹಳೇ ದಾರಿಯ ಒಂದಷ್ಟು ಭಾಗವನ್ನು ಸಮುದ್ರ ತಿಂದುಹಾಕುತ್ತದಂತೆ. ಪಾದ್ರಿಯ ಕಣ್ಣೆದುರಿಗೇ ಒಂದು ತುಂಡು ದಾರಿ, ಬೇಲಿಯ ಸಮೇತ, ಕೆಳಗೆ ಹೋಗಿತ್ತಂತೆ. ಊರಿನವರೊಬ್ಬರ ಜೊತೆಯಿಲ್ಲದೆ ಇಲ್ಲಿ ಯಾರೂ ಕಾಲಿಡಬೇಡಿ ಎಂದು ಆತ ಬೇಡಿಕೊಂಡಿದ್ದ. ಈ ಪುಟಗಳಲ್ಲಿ ಒಂದು ಶಬ್ದಕ್ಕೂ ಡಿಕ್ಷನರಿ ಬೇಕಿರಲಿಲ್ಲ. ಎಲ್ಲವೂ ನನಗೆ ಅರ್ಥವಾಯಿತು.

ಅಷ್ಟರಲ್ಲಿ ಶೈಲಾ ಫೋನ್ ಮಾಡಿದಳು. "ರೀ, ಅಮ್ಮ ಫೋನ್ ಎತ್ತುತ್ತಿಲ್ಲ. ಜಯಮ್ಮ ಆಂಟೀದೂ ಆಫ್ ಬರ್ತಿದೆ. ಇವತ್ತಿನ ದಾರಿ ಸೇಫ್ ತಾನೆ? ನೀವು ಓದಿದೀರಲ್ಲ?"

ನಾನು ಇನ್ನೊಂದು ಹಾಳೆ ತಿರುವಿದೆ.

"ರೀ? ಓದಿದೀರಲ್ಲ?"

"ಈಗ ಓದ್ತಾ ಇದೀನಿ," ಎಂದೆ.

ಅವಳು ಮೆಲ್ಲಗೆ, "ಚಪ್ಪಲಿ ಹಾಕ್ಕೊಂಡು ಹೋಗಿದಾಳೆ ಅಮ್ಮ," ಎಂದಳು. ಅಷ್ಟೇ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಅವಳು ನನ್ನನ್ನು ಬೇಕಾದಷ್ಟು ಬೈದಿದ್ದಾಳೆ. ಒಂದೂ ಇಷ್ಟು ನಾಟಿರಲಿಲ್ಲ.

ನಾನು ಮೀಟಿಂಗ್ ರೂಮು ಬಿಟ್ಟು ಪಾರ್ಕಿಂಗ್ ಲಾಟಿಗೆ ಬಂದೆ. ಕೊಲ್ಲಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಎರಡು ದಿನದಿಂದ ಇಂಗ್ಲಿಷರನ್ನು, ಅವರ ಬೆಟ್ಟಗಳನ್ನು, ಅವರ ಬೇಲಿಗಳನ್ನು ಬೈದಿದ್ದ ಬಾಯಿ ಒಣಗಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಮಡಚಿಟ್ಟ ನನ್ನ ಸಹಿ ಕಣ್ಣ ಮುಂದೆ ಬಂತು. ಆ ಮೂರು ಜನ ನನ್ನ ಮಾತನ್ನು ನಂಬಿ ಹೋಗಿದ್ದರು. ಇಂಗ್ಲಿಷನ್ನಲ್ಲ.

ಗ್ರಹಾಂ ಹಿಂದೆಯೇ ಬಂದ. ನಾನು ನಕ್ಷೆಯ ಪ್ರತಿಯನ್ನು ಅವನ ಕೈಗೆ ಕೊಟ್ಟೆ. ಅವನು ಬೆರಳಿಟ್ಟು, "ಇಲ್ಲಿ ನೀನು ಏನೋ ಮನೆ ಗುರುತು ಹಾಕಿದ್ದೀಯಲ್ಲ, ಇದೇನು?" ಎಂದ.

"ಛತ್ರ. ಪಬ್ಲಿಕ್ ಹೌಸ್. ಅಲ್ಲಿಗೇ ಹೋಗಬೇಕಿತ್ತು."

ಗ್ರಹಾಂ ನನ್ನ ಮುಖವನ್ನು ಒಂದು ಸಲ ನೋಡಿದ. ಫೋನಿನಲ್ಲಿ ಹುಡುಕಿ ಒಂದು ನಂಬರಿಗೆ ಕರೆಮಾಡಿ, ಮೂವರು ಹಿರಿಯ ಭಾರತೀಯರು, ಇಬ್ಬರು ಸೀರೆ, ಒಬ್ಬರು ಬಿಳಿ ಪಂಚೆ ಎಂದು ವಿವರಿಸಿದ. ಆಮೇಲೆ ಅವನ ಮುಖ ಅರಳಿತು.

"ಇದ್ದಾರೆ! ಮೂವರೂ ಆರಾಮಾಗಿದ್ದಾರೆ!"

ನಾನು ಅಲ್ಲೇ ಯಾರದೋ ಕಾರಿನ ಬಾನೆಟ್ಟಿಗೆ ಒರಗಿಕೊಂಡೆ. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಬ್ಬ ಸಹೋದ್ಯೋಗಿಯನ್ನು ಅಪ್ಪಿಕೊಂಡೆ. ಗ್ರಹಾಂ ಕಲ್ಲಿನ ಕಂಬದಂತೆ ನಿಂತು ಅಪ್ಪಿಸಿಕೊಂಡ.

"ಆದರೆ ನಿನಗೊಂದು ವಿಷಯ ಹೇಳಬೇಕು," ಎಂದ ಬಿಡಿಸಿಕೊಂಡ ಮೇಲೆ. "ಪಬ್ಲಿಕ್ ಹೌಸ್ ಅಂದರೆ ಪಬ್."

"ಏನು?"

"ಪಬ್. ಹೆಂಡದಂಗಡಿ. ಮತ್ತೆ ನಿನ್ನ ಅತ್ತೆಯವರು ಅಲ್ಲಿ ಕಹಿಯಾದದ್ದು ಕೊಡಿ ಎಂದು ಕೇಳಿ, ಬಿಟರ್ ಕೊಟ್ಟರಂತೆ. ಅದು ಒಂದು ಬಗೆಯ ಬಿಯರ್."

ನನ್ನ ಜೀವ ಈಗಷ್ಟೇ ವಾಪಸು ಬಂದಿತ್ತು. ಮತ್ತೆ ಹೊರಟಿತು. ಫೋನು ಬಡಿದುಕೊಂಡಿತು. ಅತ್ತೆ!

"ಅಳಿಯಂದ್ರ, ಛತ್ರಕ್ಕ ಬಂದೇವ್ರಿ. ಸಮುದ್ರದ ಬಂಡಿಗಲ್ಲ ಮ್ಯಾಲೆ ಫೋನಿಗೆ ಸಿಗ್ನಲ್ ಇರಲಿಲ್ಲ. ಇಲ್ಲಿ ವೈಫೈ ಅದ."

"ಅತ್ತೆ, ಏನೂ ಆಗಲಿಲ್ಲ ತಾನೆ?"

"ಏನೂ ಇಲ್ರಿ. ದಾರಿ ಇತ್ತು. ಆಮ್ಯಾಲೆ ಇರಲಿಲ್ಲ."

"ಇರಲಿಲ್ಲ ಅಂದ್ರೆ?"

"ಇರಲಿಲ್ಲ ಅಂದ್ರ ಇರಲಿಲ್ರಿ! ಮುಂದ ಬರೇ ಗಾಳಿ, ಕೆಳಗ ಸಮುದ್ರ. ಒಬ್ಬಾಕಿ ನಾಯಿ ಕರ್ಕೊಂಡು ಬಂದಿದ್ಲು, ದೂರದಿಂದನಽ ಒದರಿದ್ಲು. ಕೈ ಹಿಡದು ಸುತ್ತಾಕಿ ಇಲ್ಲಿತನಕ ತಂದು ಬಿಟ್ಲು. ಪುಣ್ಯಾತ್ಗಿತ್ತಿ." ಅತ್ತೆ ಫೋನನ್ನು ನಿಧಾನವಾಗಿ ಸುತ್ತಲೂ ತಿರುಗಿಸಿದರು. "ಈಗ ಈ ಛತ್ರ ನೋಡ್ರಿ. ಒಂದಽ ಒಂದು ದೇವರ ಫೋಟೋ ಇಲ್ಲ. ಗ್ವಾಡಿ ತುಂಬ ಬಾಟ್ಲಿ."

"ಅತ್ತೆ, ಅದು..."

"ನಾನೂ ಹುಬ್ಬಳ್ಳಿಯಾಕಿ ಇದ್ದೇನ್ರಿ. ಅದೇನಂತ ವಾಸನಿಗೇ ಗೊತ್ತಾತು. ಲೋಟ ಹಂಗಽ ಸರಿಸೇನಿ."

ಅವರು ಸರಿಸಿದ ಲೋಟ ಯಾರ ಮುಂದೆ ಹೋಗಿತ್ತು ಎಂಬುದು ಆಮೇಲೆ ಕಾಣಿಸಿತು. ಚಿಕ್ಕೇಗೌಡರು ಮೀಸೆಗೆ ನೊರೆ ಅಂಟಿಸಿಕೊಂಡು ಪರದೆಯೊಳಗೆ ಬಾಗಿದರು. ಇಂಥ ಆನಂದವನ್ನು ನಾನು ಅವರ ಮುಖದಲ್ಲಿ ಕೆರೆಯ ಬೆಂಚಿನ ಮೇಲೆ ಎಂದೂ ಕಂಡಿರಲಿಲ್ಲ.

"ಕಸಾಯ ಶಾನೆ ಚೆಂದಾಗದೆ ಕಣಪ್ಪಾ! ಇದು ಮೂರನೇ ಲೋಟ! ಪಾದ್ರಿ ಸುಮ್ಸುಮ್ನೆ ಕುಡೀತಿರ್ನಿಲ್ಲ!"

"ಸುಮ್ಕಿರ್‍ರಿ, ಮಾನ ಕಳೀಬ್ಯಾಡಿ!" ಎಂದು ಜಯಮ್ಮ ಪಕ್ಕದಿಂದ ಅವರ ಭುಜಕ್ಕೆ ಹೊಡೆದರು. ಅನಂತರ ನನ್ನ ಕಡೆ ತಿರುಗಿ, "ನಿಮ್ ಪುಸ್ತಕದ್ ಮನೆ ಕಾಯ್ವಾಗ! ನಲವತ್ತೈದ್ ವರ್ಸದಿಂದ ಬುಡ್ಸಿ ಇಟ್ಟಿದ್ದೆ ಕಣ್ರೀ ಇವರ್‍ಗೆ!" ಎಂದು ಕೂಗಿದರು.

ನಾನು ಏನು ಹೇಳಲಿ? ಪಾದ್ರಿ ಹೀಗೆ ಮಾಡಬಹುದೇ? ಭಾನುವಾರ ಜನರಿಗೆ ಬುದ್ಧಿ ಹೇಳುವವನು, ಸೋಮವಾರದಿಂದ ಶನಿವಾರದವರೆಗೆ ಹೆಂಡದಂಗಡಿಯಲ್ಲಿ ಮಲಗುವವನು, ಅದನ್ನು ನೇರವಾಗಿ ಹೇಳಬೇಕೋ ಬೇಡವೋ? ಸಾರ್ವಜನಿಕರ ಮನೆ ಎಂಬ ಹೆಸರಿಟ್ಟು ನನ್ನಂಥ ಮುಗ್ಧರನ್ನು ಕೆಡವಿದ್ದಕ್ಕೆ ಯಾರು ಹೊಣೆ? ಇದನ್ನೆಲ್ಲ ಸಂಜೆ ಶೈಲಾಳಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿ, ಒಂದೇ ಒಂದು ಮಾತು ಹೇಳಿದಳು.

"ಅಮ್ಮ ಬರೋ ದಿನ ನೀವೇ ಏರ್‌ಪೋರ್ಟಿಗೆ ಹೋಗಿ."

ಹೋದೆ. ಅತ್ತೆ ಬಿಸಿಲಿಗೆ ಕಪ್ಪಾಗಿದ್ದರು. ಕಾಲಲ್ಲಿ ಹೊಸ ಬೂಟು. ಕಾರಿನಲ್ಲಿ ಸೇತುವೆ ದಾಟುವವರೆಗೂ ಕಿಟಕಿಯಾಚೆ ಕೊಲ್ಲಿಯನ್ನೇ ನೋಡುತ್ತಿದ್ದರು. ನಾನು ಕ್ಷಮೆ ಕೇಳಲು ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. ಮೊದಲನೆಯದನ್ನು ಅರ್ಧ ಹೇಳುವಷ್ಟರಲ್ಲಿ ಎರಡನೆಯದು ಮರೆತುಹೋಯಿತು.

"ಇರಲಿ ಬಿಡ್ರಿ," ಎಂದರು ಅತ್ತೆ. "ಆ ಬಿಳೀ ಬಂಡಿ ಮ್ಯಾಲೆ ಸಂಜೀ ಬಿಸಲು ಬಿದ್ದಿತ್ತು. ನಾನು ಅರವತ್ತೆಂಟು ವರ್ಷಕ್ಕ ಅಂಥಾದ್ದು ನೋಡಿದ್ದಿಲ್ಲ. ಖರೇ ದಾರಿ ಗೊತ್ತಿದ್ರ ನಾವು ಹೋಗ್ತಿದ್ದಿಲ್ಲ."

ನನ್ನ ಎದೆ ಹಗುರಾಯಿತು. ಅವರು ಮುಂದುವರಿಸಿದರು.

"ಆ ಪುಸ್ತಕ ನನಗ ಕೊಡ್ರಿ. ಒಂದು ಡಿಕ್ಷನರಿ. ಒಂದು ಕೆಂಪು ಪೆನ್ನು."

ಮೂರು ವಾರ ನಮ್ಮ ಊಟದ ಮೇಜು ಪರೀಕ್ಷಾ ಕೇಂದ್ರವಾಯಿತು. ಅತ್ತೆ ಮೂಲವನ್ನೂ ನನ್ನ ಅನುವಾದವನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ತಿದ್ದಿದರು. ಕಾಫಿಗೆ ಎದ್ದಾಗಲೆಲ್ಲ ನಾನು ಕದ್ದು ನೋಡುತ್ತಿದ್ದೆ. ದಡಾರ ಎದ್ದವನ ಬೆನ್ನಿನಂತಿತ್ತು ನನ್ನ ಕನ್ನಡ. ಕೊನೆಗೆ ಅಂಕ ಹಾಕಿದರು. ನೂರಕ್ಕೆ ಹನ್ನೊಂದು! ಈ ಹನ್ನೊಂದು ಯಾತಕ್ಕೆ ಎಂದು ಕೇಳಿದೆ. "ಅಕ್ಷರ ದುಂಡಗದಾವು," ಎಂದರು.

ಸಂಪಾದಕರಿಗೆ ಈ ವಿಷಯ ಯಾರು ಹೇಳಿದರೋ ತಿಳಿಯದು. ಗೌಡರ ಮೇಲೆ ನನಗೆ ಅನುಮಾನವಿದೆ. ಒಂದು ಶನಿವಾರ ಸಂಪಾದಕರು ಮನೆಗೇ ಬಂದರು. ನಾನು ಮುಂದಿನ ಕಂತಿಗಾಗಿ ಬಂದರೆಂದು ತಿಳಿದು ಎದ್ದು ನಿಂತೆ. ಅವರು ನನ್ನನ್ನು ದಾಟಿ ಒಳಗೆ ಹೋಗಿ ಅತ್ತೆಗೆ ಕೈಮುಗಿದರು.

"ಅಮ್ಮಾ, ನಿಮ್ಮ ಪ್ರವಾಸದ ಕತೆ ನೀವೇ ಬರೀಬೇಕು. ಧಾರಾವಾಹಿಯಾಗಿ."

"ಮತ್ತೆ ನನ್ನದು?" ಎಂದೆ.

"ನಿಮ್ಮದು ಮುಗಿದೇ ಹೋಯ್ತಲ್ಲ ಸಾರ್," ಎಂದರು ಸಂಪಾದಕರು ಬಹಳ ಸೌಜನ್ಯದಿಂದ.

ಮುಗ್ಧ ಓದುಗರೇ, ಇದು ನ್ಯಾಯವೇ? ಪುಸ್ತಕ ಹುಡುಕಿದವನು ನಾನು. ಪುಟ ತುಂಬಿಸಿದವನು ನಾನು. ನಾನು ತಪ್ಪು ಮಾಡದೆ ಹೋಗಿದ್ದರೆ ಅವರಿಗೆ ಬರೆಯಲು ಏನಿತ್ತು?

ಅತ್ತೆ ಕಾಗದದ ಮೇಲೆ ಕೈಬರಹದಲ್ಲಿ ಬರೆಯುತ್ತಾರೆ. ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟಲು ಬಾರದು. "ನೀವು ಹ್ಯಾಂಗೂ ಖಾಲೀನಽ ಅದೀರಲ್ರಿ ಅಳಿಯಂದ್ರ," ಎಂದು ಮೊದಲ ಕಂತನ್ನು ನನ್ನ ಮುಂದೆ ಇಟ್ಟರು. ಕುಟ್ಟಿದೆ. ಮೂರನೆಯ ಸಾಲಿನಲ್ಲೇ 'ಒಬ್ಬ ಅರೆಬರೆ ಅನುವಾದಕನನ್ನು ನಂಬಿ ಹೊರಟೆವು' ಎಂದಿತ್ತು. ಯಾರಿಗೂ ತಿಳಿಯದಂತೆ 'ಅರೆಬರೆ' ತೆಗೆದು 'ಉತ್ಸಾಹಿ' ಎಂದು ಹಾಕಿದೆ. ಅತ್ತೆ ಕರಡು ನೋಡಿ, ಕೆಂಪು ಪೆನ್ನಿನಲ್ಲಿ ಮತ್ತೆ 'ಅರೆಬರೆ' ಎಂದು ಬರೆದರು. ಈ ಸಲ ಅಡಿಗೆರೆಯನ್ನೂ ಎಳೆದರು.

ಪತ್ರಿಕೆ ಬಂತು. ಬೇ ಏರಿಯಾದ ಕನ್ನಡಿಗರೆಲ್ಲ ಓದಿ ನಕ್ಕರು. ಸ್ಯಾನ್ ರಮೋನಿನಿಂದ ಗುರುತಿಲ್ಲದವರೊಬ್ಬರು ಫೋನ್ ಮಾಡಿ ಸುಶೀಲಾಬಾಯಿಯವರನ್ನು ಕೇಳಿದರು, ನಾನು ಕೊಟ್ಟೆ. ಲೇಖನದ ಕೊನೆಯಲ್ಲಿ, ಇರುವೆಯಂಥ ಅಕ್ಷರಗಳಲ್ಲಿ, ನನ್ನ ಸೇವೆಯನ್ನೂ ಸ್ಮರಿಸಲಾಗಿದೆ. 'ಬೆರಳಚ್ಚು: ಅಳಿಯ' ಎಂದು ಅಲ್ಲಿದೆ. ಹೆಸರೂ ಇಲ್ಲ! ಕೂಡಲೇ ಸಂಪಾದಕರಿಗೆ ಫೋನ್ ಮಾಡಿ ಇದು ಯಾರ ಕೆಲಸ, ಇಂಥ ಸಾಲು ಕುಟ್ಟಿದ ಬೇಜವಾಬ್ದಾರಿ ಮನುಷ್ಯ ಯಾರು, ಕರೆಯಿರಿ ಅವನನ್ನು ಎಂದು ಜೋರು ಮಾಡಿದೆ. ಅವರು ತಮಗೆ ಬಂದ ಫೈಲನ್ನು ತೆಗೆದು ನೋಡಿದರು.

ಕುಟ್ಟಿದವನು ನಾನೇ!